ಹದಿನೈದು ಗಂಟು ಮತ್ತು ಒಂದು ಡೈವ್ ಕಂಪ್ಯೂಟರ್

ನೀರಿಗಿಳಿಯುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಈಗಲೂ ಹೊಸಪೇಟೆ ಪಕ್ಕದ ಟಿ.ಬಿ. ಡ್ಯಾಂನಲ್ಲಿರುವ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಚಹಾ ಮುಗಿಯುವುದರೊಳಗೆ ಕೇಳುವ ಪ್ರಶ್ನೆ ಒಂದೇ: ನೀರಿನಡಿಯ ಆಳ ತೋರಿಸುವ ಡೈವ್ ಕಂಪ್ಯೂಟರ್ ಯಾವುದು ತಗೊಳ್ಳಬೇಕು, ಮಣಿಕಟ್ಟಿಗೆ ಕಟ್ಟಿಕೊಳ್ಳುವುದೋ, ಕೊಳವೆಯ ತುದಿಗೆ ಕೂರಿಸಿದ ಕನ್ಸೋಲೋ? ನಾನು ತಿರುಗಿ ಕೇಳುತ್ತೇನೆ: ಮೇಲೆ ನಿಮ್ಮ ಹಗ್ಗ ಹಿಡಿಯುವವರು ಯಾರು? ಮುದುಕನಿಗೆ ಅರಳುಮರಳು ಎಂಬಂತೆ ಅವರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ಆಗ ನನಗೆ ಸಿಟ್ಟು ಬರುತ್ತದೆ. ಸಿಟ್ಟು ನನ್ನ ಹಳೆಯ ಕಾಯಿಲೆ. ಒಮ್ಮೆ ಅದು ನನ್ನನ್ನು ನೀರಿನಡಿಯಲ್ಲೇ ಬಿಟ್ಟು ಬರುವುದರಲ್ಲಿತ್ತು. ಬಾಯಲ್ಲಿ ಹೇಳಿದರೆ ಅರ್ಧಕ್ಕೇ ಎದ್ದು ಹೋಗುತ್ತಾರೆಂದು ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಕೆಲಸದ ಬಗ್ಗೆ. ಟೀವಿಯಲ್ಲಿ ತೋರಿಸುವ ನೀಲಿ ನೀರು, ಬಣ್ಣದ ಮೀನು ಎಲ್ಲ ಮರೆತುಬಿಡಿ. ತುಂಗಭದ್ರೆಯಲ್ಲಿ ಹೊಸ ನೀರು ಬಂದ ಮೇಲೆ ಹತ್ತಡಿ ಇಳಿದರೆ ನಿಮ್ಮ ಅಂಗೈ ನಿಮಗೆ ಕಾಣಿಸುವುದಿಲ್ಲ. ಆ ಕತ್ತಲೆಯಲ್ಲಿ ಕೈಯಿಂದ ತಡವರಿಸುತ್ತ ತೂಬಿನ ಮುಂದಿನ ಕಬ್ಬಿಣದ ಜಾಲರಿಗೆ ಸಿಕ್ಕಿಕೊಂಡ ಮರ, ಬಲೆ, ಕಸ ಬಿಡಿಸಬೇಕು. ಪಂಪ್‌ಹೌಸಿನ ಪೈಪು ನೋಡಬೇಕು. ಅದಿರಿನ ಲಾರಿ ಕಾಲುವೆಗೆ ಬಿದ್ದರೆ ಇಳಿದು ಸರಪಳಿ ಕಟ್ಟಬೇಕು. ಎರಡು ಸಾವಿರದ ಇಸವಿ ದಾಟಿದ ಮೇಲೆ, ಸಂಡೂರಿನ ಗುಡ್ಡ ಕರಗಿ ಲಾರಿ ಏರುತ್ತಿದ್ದ ಆ ವರ್ಷಗಳಲ್ಲಿ, ನಮಗೆ ಬಿಡುವೇ ಇರಲಿಲ್ಲ. ಕಾರ್ಖಾನೆಗಳಿಗೆ ನೀರು ಬೇಕು, ನೀರಿಗೆ ಪೈಪು ಬೇಕು, ಪೈಪಿಗೆ ನಾವು ಬೇಕು.

ನಮ್ಮ ಧಣಿ ವೀರನಗೌಡರು. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟಿದ್ದವರು, ಗಣಿಯ ಗದ್ದಲ ಶುರುವಾದ ಮೇಲೆ ಹೊಸಪೇಟೆಗೆ ಬಂದು ನೀರಿನ ಕೆಲಸಗಳ ಗುತ್ತಿಗೆ ಹಿಡಿದರು. ಈಜು ಬರುತ್ತಿರಲಿಲ್ಲ, ಆದರೆ ಮನುಷ್ಯರನ್ನು ದುಡಿಸುವುದು ಚೆನ್ನಾಗಿ ಬರುತ್ತಿತ್ತು. ಅವರ ಕೈಕೆಳಗೆ ಮುಳುಗುವವನು ನಾನು, ಮೇಲೆ ದೋಣಿಯಲ್ಲಿ ಕೂತು ನನ್ನ ಸೊಂಟದ ಹಗ್ಗ ಹಿಡಿಯುವವನು ಮಾಬುಸಾಬ. ಅವನೂ ಕಂಪ್ಲಿಯವನೇ, ಗೌಡರ ಗಿರಣಿಯಲ್ಲಿ ಮೂಟೆ ಹೊತ್ತವನು. ನನಗಿಂತ ಎರಡು ವರ್ಷ ದೊಡ್ಡವನು. ಓದು ಬರಹ ಬಾರದು. ಅಂಕಿ ಮಾತ್ರ ಬರೆಯಲು ಓದಲು ನಾನೇ ಕಲಿಸಿದ್ದೆ.

ಆಗಿನ ಪದ್ಧತಿ ಹೇಳಿದರೆ ಈಗಿನವರು ನಂಬುವುದಿಲ್ಲ. ಹಗ್ಗಕ್ಕೆ ಮಾರಿಗೊಂದು ಗಂಟು. ಮಾರು ಎಂದರೆ ಎರಡೂ ಕೈ ಚಾಚಿದಷ್ಟು, ಸುಮಾರು ಆರಡಿ. ನಾನು ಇಳಿದಂತೆ ಎಷ್ಟು ಗಂಟು ಬೆರಳ ಸಂದಿಯಿಂದ ಜಾರಿದವೆಂದು ಮಾಬುಸಾಬ ಎಣಿಸುತ್ತಿದ್ದ. ತಗಡಿನ ಡಬ್ಬಿಯಲ್ಲಿ ಒಂದು ಅಲಾರಂ ಗಡಿಯಾರ. ದೋಣಿಯ ಹಲಗೆಗೆ ಅಂಟಿಸಿದ ಒಂದು ಕೋಷ್ಟಕ: ಇಷ್ಟು ಆಳದಲ್ಲಿ ಇಷ್ಟು ನಿಮಿಷ ಇದ್ದರೆ, ಮೇಲೆ ಬರುವಾಗ ಎರಡು ಗಂಟಿನ ಆಳದಲ್ಲಿ ಇಷ್ಟು ಹೊತ್ತು ನಿಲ್ಲಬೇಕು. ಹಗ್ಗವನ್ನು ಒಂದು ಸಲ ಎಳೆದರೆ ‘ಹೆಂಗಿದ್ದಿ’, ಎರಡು ಸಲ ‘ಅಲ್ಲೇ ನಿಲ್ಲು’, ನಾಲ್ಕು ಸಲ ‘ಮೇಲೆ ಬಾ’. ನಮ್ಮಿಬ್ಬರ ಮಧ್ಯೆ ಇದ್ದ ಭಾಷೆ ಅಷ್ಟೇ. ಅದರಲ್ಲೂ ನಾವು ಜಗಳವಾಡುತ್ತಿದ್ದೆವು.

ನಿಲ್ಲುವುದು ಯಾಕೆಂದು ತಿಳಿಯದವರಿಗೆ ತಿಪ್ಪಣ್ಣನ ಕಥೆ ಹೇಳಬೇಕು. ನನಗೆ ಮುಳುಗುವುದನ್ನು ಕಲಿಸಿದವನು ತಿಪ್ಪಣ್ಣ. ಆಳದ ಒತ್ತಡದಲ್ಲಿ ಉಸಿರಾಡಿದ ಗಾಳಿ ರಕ್ತದಲ್ಲಿ ಕರಗಿರುತ್ತದೆ. ಗಡಬಡಿಸಿ ಮೇಲೆ ಬಂದರೆ ಸೋಡಾ ಬಾಟಲಿ ತೆರೆದಾಗ ನೊರೆ ಏಳುತ್ತದಲ್ಲ, ಮೈಯೊಳಗೆ ಹಾಗಾಗುತ್ತದೆ. ಒಂದು ದಿನ ಅವನು ನಿಲ್ಲದೆ ಬಂದ. ದೋಣಿಯಲ್ಲಿ ನಗುತ್ತ ಬೀಡಿ ಹಚ್ಚಿದ. ಬೀಡಿ ಮುಗಿಯುವಷ್ಟರಲ್ಲಿ ಕಾಲು ಜೋಮು ಹಿಡಿಯಿತು. ಅದಕ್ಕೆ ಚಿಕಿತ್ಸೆ ಕೊಡುವ, ಗಾಳಿಯ ಒತ್ತಡ ಏರಿಸುವ ಕೋಣೆ ಇರುವುದು ಸಮುದ್ರದ ಕಡೆ. ಜೀಪಿನಲ್ಲಿ ಮಲಗಿಸಿಕೊಂಡು ಹೊರಟೆವು. ಡ್ಯಾಂನ ಆಚೆ ದಡದ ಮುನಿರಾಬಾದ್ ದಾಟುವುದಕ್ಕೇ ಅರ್ಧ ದಿನ ಹಿಡಿಯಿತು. ಮುಂದೆ ಹಿಂದೆ ಅದಿರಿನ ಲಾರಿ, ಕಣ್ಣು ಹಾಯಿಸಿದಷ್ಟೂ ಕೆಂಪು ಧೂಳು. ತಿಪ್ಪಣ್ಣ ಆಮೇಲೆ ತನ್ನ ಕಾಲ ಮೇಲೆ ನಿಲ್ಲಲಿಲ್ಲ. ಆ ಜೀಪಿನಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು, ಅವನ ಹೆದರಿಕೆ ನನಗೂ ಅಂಟಿಕೊಂಡಿತು.

ಅಂದಿನಿಂದ ನನಗೆ ಡೈವ್ ಕಂಪ್ಯೂಟರಿನ ಹುಚ್ಚು ಹಿಡಿಯಿತು. ಆಳ, ಸಮಯ, ಎಲ್ಲಿ ಎಷ್ಟು ನಿಲ್ಲಬೇಕು ಎಲ್ಲವನ್ನೂ ಅದೇ ಲೆಕ್ಕ ಹಾಕಿ ತೋರಿಸುತ್ತದೆಂದು ಓದಿದ್ದೆ. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಕ್ಯಾಟಲಾಗುಗಳನ್ನು ಓದಿದೆ. ಗೌಡರ ಆಫೀಸಿಗೆ ಹೋದೆ. ಅವರು ಪುಟ ತಿರುಗಿಸಿ ವಾಚಿನಂತೆ ಹೊಳೆಯುವ ಒಂದರ ಮೇಲೆ ಬೆರಳಿಟ್ಟರು.

“ಇದು ಮಸ್ತ್ ಐತಲ್ಲೋ ಎರ್ರಿಸ್ವಾಮಿ. ಕೈಗೆ ಕಟ್ಕೊಂಡ್ರ ಒಂದು ಕಳೆ ಇರ್ತೈತಿ.”

“ಕಳೆ ಯಾರು ನೋಡ್ತಾರ್ರಿ ಗೌಡ್ರ ಅಲ್ಲಿ? ನನ್ನ ಕೈ ಯಾವಾಗ್ಲೂ ಕಬ್ಬಿಣದ ಸಂದಿಯಾಗ ಇರ್ತಾವು. ಮಣಿಕಟ್ಟಿಗೆ ಕಟ್ಟಿದ್ದು ಮೊದಲ್ನೇ ದಿನಾನ ಜಾಲರಿಗೆ ಬಡದು ಚೂರಾಗ್ತೈತಿ.”

“ಮತ್ತ ಇದು? ಎಮ್ಮಿ ಕೊಳ್ಳಾಗಿನ ಗಂಟಿ ಇದ್ದಂಗ ಐತಿ.”

ಅದೇ ಕನ್ಸೋಲು. ಸಿಲಿಂಡರಿನಿಂದ ಬರುವ ಒಂದು ಗಟ್ಟಿ ಕೊಳವೆಯ ತುದಿಗೆ ರಬ್ಬರಿನ ಗೂಡು. ಅದರಲ್ಲಿ ಮೇಲೆ ಕಂಪ್ಯೂಟರು, ಕೆಳಗೆ ಗಾಳಿ ಎಷ್ಟು ಉಳಿದಿದೆಯೆಂದು ತೋರಿಸುವ ಮುಳ್ಳಿನ ಮೀಟರು. ಒಂದೇ ಕೈಗೆ ಎರಡೂ ಸಿಗುತ್ತವೆ. ಕತ್ತಲೆ ನೀರಿನಲ್ಲಿ ಮುಖದ ಗಾಜಿಗೆ ಒತ್ತಿ ಹಿಡಿದು ಓದಬಹುದು. ಜೋತಾಡಿ ಬಲೆಗೆ ಸಿಕ್ಕಿಕೊಳ್ಳುತ್ತದೆ ನಿಜ, ಅದಕ್ಕೆ ಎದೆಗೆ ಕೊಂಡಿ ಹಾಕಿಕೊಳ್ಳಬೇಕು. ಅಂಕಿ ದಪ್ಪಗಿರಬೇಕು, ಒಳಗೆ ದೀಪ ಇರಬೇಕು, ಗ್ಲೌಸು ಹಾಕಿದ ಬೆರಳಿಗೆ ಗುಂಡಿ ಸಿಗಬೇಕು. ಸೆಲ್ ಮುಗಿದರೆ ನಾವೇ ಬದಲಿಸುವಂತಿರಬೇಕು. ನಮ್ಮ ಡ್ಯಾಂ ನೀರು ಸಮುದ್ರಕ್ಕಿಂತ ಒಂದೂವರೆ ಸಾವಿರ ಅಡಿಗೂ ಎತ್ತರದಲ್ಲಿದೆ, ಸಿಹಿ ನೀರು ಬೇರೆ. ಎತ್ತರವನ್ನೂ ನೀರಿನ ಜಾತಿಯನ್ನೂ ಲೆಕ್ಕಕ್ಕೆ ಹಿಡಿಯದ ಕಂಪ್ಯೂಟರು ನಮಗೆ ಸುಳ್ಳು ಹೇಳುತ್ತದೆ. ಗಾಳಿಯ ಮುಳ್ಳು ಕಂಪ್ಯೂಟರಿಗೆ ಸೇರಿರದೆ ಬೇರೆಯೇ ಇರಲಿ, ಒಂದು ಸತ್ತರೆ ಇನ್ನೊಂದು ಬದುಕಿರುತ್ತದೆ. ಇವಿಷ್ಟನ್ನೂ ಅವತ್ತು ಗೌಡರಿಗೆ ಬೆರಳು ಮಡಚಿ ಹೇಳಿದೆ. ಇವತ್ತಿಗೂ ಇದರಲ್ಲಿ ಒಂದಕ್ಷರ ಬದಲಿಸುವುದಿಲ್ಲ.

ಗೌಡರು ಕನ್ನಡಕ ತೆಗೆದರು. “ಆತು, ತರಸ್ತೀನಿ. ಆದ್ರ ಒಂದು ಮಾತು. ಈ ಡಬ್ಬಿ ಬಂದ ಮ್ಯಾಲ ಗಂಟು ಎಣಸಾಕ ಮಾಬೂನಂಥವನು ಯಾಕ ಬೇಕು? ಅವನ್ನ ಕುರೆಕುಪ್ಪದ ಪಂಪ್‌ಹೌಸಿಗೆ ವಾಚ್‌ಮನ್ ಮಾಡ್ತೀನಿ. ಹಗ್ಗ ಯಾರರ ಹಿಡೀತಾರ. ಕೆಲಸ ಕೊಟ್ಟೋರು ಕೇಳಿದ್ರ ತೋರ್ಸಾಕ ಒಂದು ಕಾಗದ ಇರ್ಲಿ, ನೀನೇ ಬರದು ಸಹಿ ಮಾಡು.”

ನಾನು ಬರೆದೆ. ‘ಆಳವನ್ನೂ ಸಮಯವನ್ನೂ ಕಂಪ್ಯೂಟರೇ ತೋರಿಸುವುದರಿಂದ ಹಗ್ಗ ಹಿಡಿಯಲು ಅನುಭವಿ ಬೇಕಾಗುವುದಿಲ್ಲ’ ಎಂದು, ದುಂಡನೆಯ ಅಕ್ಷರಗಳಲ್ಲಿ. ಬರೆಯದಿದ್ದರೆ ಗೌಡರು ಕಂಪ್ಯೂಟರು ತರಿಸುವುದಿಲ್ಲವೆಂಬ ಹೆದರಿಕೆ ಇತ್ತು. ಅದೊಂದೇ ಕಾರಣವೆಂದರೆ ಸುಳ್ಳಾಗುತ್ತದೆ. ಹಗ್ಗದ ಮೇಲೆ ಮಾಬುಸಾಬ ನನ್ನನ್ನು ಆಳುತ್ತಾನೆಂಬ ಅಸಮಾಧಾನವೂ ಇತ್ತು. ಆರು ವರ್ಷ ನನ್ನ ಹಗ್ಗ ಹಿಡಿದವನ ಅನ್ನಕ್ಕೆ ನಾನು ಹೀಗೆ ಕೈ ಹಾಕಿದೆ. ಅವನಿಗೆ ಮಾತ್ರ ಹೇಳಲಿಲ್ಲ.

ಕಂಪ್ಯೂಟರು ಬಂತು. ದಂಡೆಯ ಕಡೆ ನಾಲ್ಕಾರು ಸಲ ಇಳಿದು ನೋಡಿದೆವು. ಆರು ಗಂಟು ಇಳಿದರೆ ಕಂಪ್ಯೂಟರು ಹನ್ನೊಂದು ಮೀಟರು ಎನ್ನುತ್ತಿತ್ತು. ಎರಡೂ ತಾಳೆಯಾದವು. “ನೋಡಿದಿ? ಇನ್ನ ನಿನ್ನ ಗಂಟಿಗೆ ರಜಾ,” ಎಂದು ರೇಗಿಸಿದೆ. ಮಾಬುಸಾಬ ನಕ್ಕ. “ಇರ್ಲಿ ತಗೋ, ಹಗ್ಗ ಅನ್ನ ಕೇಳಂಗಿಲ್ಲ,” ಎಂದು ಸುತ್ತಿಟ್ಟ.

ಅಷ್ಟರಲ್ಲಿ ಆಯುಧ ಪೂಜೆ ಬಂತು. ಹೊಸಪೇಟೆಯಲ್ಲಿ ಅವತ್ತು ಪೂಜೆಯಿಲ್ಲದ ಸ್ಪ್ಯಾನರೂ ಇರುವುದಿಲ್ಲ. ನಮ್ಮ ಶೆಡ್ಡಿನಲ್ಲಿ ಕಂಪ್ರೆಸರು, ಸಿಲಿಂಡರು, ದೋಣಿ ಎಲ್ಲ ಸಾಲಾಗಿ ನಿಲ್ಲಿಸಿದೆವು. ದೋಣಿಗೆ ಚೆಂಡು ಹೂವಿನ ಮಾಲೆ ಕಟ್ಟಿದವನು ಮಾಬುಸಾಬನೇ. ಕನ್ಸೋಲನ್ನು ಮಾತ್ರ ನಾನು ಯಾರ ಕೈಗೂ ಕೊಡಲಿಲ್ಲ. ಗಾಜಿನ ಮೇಲೆ ಕುಂಕುಮ ಇಟ್ಟರೆ ಅಂಕಿ ಕಾಣುವುದಿಲ್ಲ, ಹಿಂಬದಿಗೆ ಇಡಬೇಕು. ಆದರೆ ನೀರಿಗಿಳಿಯುವ ವಸ್ತು. ಬರೀ ಕುಂಕುಮ ಮೊದಲ ಮುಳುಗಿಗೇ ತೊಳೆದುಹೋಗುತ್ತದೆ. ಹಾಗಾಗಬಾರದೆಂದು ನಮ್ಮವ್ವನ ಮೇಣದ ಡಬ್ಬಿ ಮನೆಯಿಂದ ತಂದಿದ್ದೆ. ಅವಳು ಹಣೆಗೆ ಮೊದಲು ಮೇಣ ಸವರಿ ಅದರ ಮೇಲೆ ಕುಂಕುಮ ಒತ್ತುತ್ತಿದ್ದಳು, ಹೊಲದಲ್ಲಿ ಬೆವರಿದರೂ ಸಂಜೆಯವರೆಗೆ ಅಳಿಸುತ್ತಿರಲಿಲ್ಲ. ರಬ್ಬರು ಗೂಡಿನಿಂದ ಕಂಪ್ಯೂಟರನ್ನು ಬಿಡಿಸಿದೆ. ಹಿಂದೆ ಮೂರು ಸಣ್ಣ ತೂತುಗಳಿದ್ದವು. ಬೀಪ್ ಸದ್ದು ಬರುವ ತೂತಿರಬೇಕು ಎಂದುಕೊಂಡೆ. ಸರಿಯಾಗಿ ಅವುಗಳ ಮೇಲೆ ಹೆಬ್ಬೆರಳಿನಿಂದ ಮೇಣ ತೀಡಿ, ಕುಂಕುಮ ಒತ್ತಿ, ಮತ್ತೆ ಗೂಡಿಗೆ ಕೂರಿಸಿ ಕೈ ಮುಗಿದೆ. ಭಕ್ತಿಯಿಂದಲೇ ಮಾಡಿದ್ದು.

ನಾಲ್ಕು ದಿನದ ಮೇಲೆ ಕೆಲಸ ಬಂತು. ಡ್ಯಾಂ ತುಂಬಿ ನಿಂತಿತ್ತು. ತೂಬಿನ ಮುಂದಿನ ಎತ್ತರದ ಜಾಲರಿಗೆ ಎಲ್ಲೋ ಒಂದು ಮರ ಬಲೆ ಸಮೇತ ಸಿಕ್ಕಿಕೊಂಡಿತ್ತು. ಎಷ್ಟು ಆಳದಲ್ಲಿದೆ ಗೊತ್ತಿಲ್ಲ. ಜಾಲರಿ ಹಿಡಿದು ಇಳಿಯುತ್ತ ಹುಡುಕಬೇಕು. ಮುಂದಿನ ಒಂದನೇ ತಾರೀಖಿಗೆ ಮಾಬುಸಾಬ ಕುರೆಕುಪ್ಪಕ್ಕೆ. ಅವನಿಗೆ ಗೊತ್ತಿಲ್ಲವೆಂದು ನಾನು ಎಣಿಸಿದ್ದೆ. ಜೋಡಿ ಸಿಲಿಂಡರಿನ ಪಟ್ಟಿ ಬಿಗಿಯುವಾಗ ಅವನ ಮುಖ ನೋಡಲಿಲ್ಲ.

“ಗಂಟು ಎಣಸ್ಲ್ಯಾ?” ಎಂದ.

“ನಿನ್ನ ಖುಷಿ,” ಎಂದು ಬೆನ್ನು ಹಾಕಿ ನೀರಿಗೆ ಬಿದ್ದೆ.

ಕಲ್ಲು ಕಟ್ಟಿ ಇಳಿಬಿಟ್ಟ ದಪ್ಪ ಹಗ್ಗವನ್ನು ಹಿಡಿದು ಇಳಿದೆ. ಕೆಸರು ತುಸು ಇಳಿದಿದ್ದರೂ ಇಪ್ಪತ್ತಡಿಗೆ ಬೆಳಕು ಹೋಯಿತು. ಕನ್ಸೋಲನ್ನು ಗಾಜಿಗೊತ್ತಿ ದೀಪ ಹಾಕಿದೆ: ಏಳು ಮೀಟರು, ಒಂಬತ್ತು, ಹನ್ನೊಂದು. ಜಾಲರಿಯ ಸರಳು ಕೈಗೆ ಸಿಕ್ಕಿತು. ಒಂದೊಂದೇ ಸರಳು ಹಿಡಿದು ಇಳಿಯುತ್ತ ಹೋದೆ. ಕೊನೆಗೆ ಮರದ ಬೊಡ್ಡೆ ಮೊಣಕೈಗೆ ತಾಗಿದಾಗ ಕನ್ಸೋಲು ಹದಿನಾಲ್ಕು ಮೀಟರು ಎನ್ನುತ್ತಿತ್ತು. ಹದಿನಾಲ್ಕಕ್ಕೆ ಗಂಟೆಗೂ ಮೇಲೆ ಇರಬಹುದು, ಮೇಲೆ ಬರುವಾಗ ನಿಲ್ಲುವ ತಾಪತ್ರಯವೂ ಇಲ್ಲ. ಆರಾಮಾಗಿ ಚಾಕು ತೆಗೆದು ಬಲೆ ಕೊಯ್ಯತೊಡಗಿದೆ. ನೀರು ಮಾತ್ರ ಹದಿನಾಲ್ಕಕ್ಕಿರಬೇಕಾದ್ದಕ್ಕಿಂತ ತಣ್ಣಗಿತ್ತು. ಕಿವಿಯಲ್ಲೂ ಭಾರ ಹೆಚ್ಚಿತ್ತು. ದಸರೆ ಕಳೆದಿದೆ, ಚಳಿ ಬಂತು ಎಂದುಕೊಂಡೆ.

ಹಗ್ಗ ಒಮ್ಮೆ ಎಳೆಯಿತು. ನಾನೂ ಒಮ್ಮೆ ಎಳೆದೆ: ಚೆನ್ನಾಗಿದ್ದೇನೆ.

ಸ್ವಲ್ಪ ಹೊತ್ತಿಗೆ ನಾಲ್ಕು ಸಲ ಎಳೆಯಿತು. ಮೇಲೆ ಬಾ.

ಕನ್ಸೋಲು ನೋಡಿದೆ. ಹದಿನಾಲ್ಕು ಮೀಟರು, ಇನ್ನೂ ಬೇಕಾದಷ್ಟು ಸಮಯ. ಸಿಟ್ಟು ನೆತ್ತಿಗೇರಿತು. ಗಂಟಿಗೆ ರಜಾ ಎಂದು ರೇಗಿಸಿದ್ದಕ್ಕೆ ಗಂಟಿನ ಜಂಬ ತೋರಿಸುತ್ತಿದ್ದಾನೆ ಎನಿಸಿತು. ಒಂದು ಸಲ ಜೋರಾಗಿ ಎಳೆದು ಬಲೆಗೆ ತಿರುಗಿದೆ.

ಮತ್ತೆ ನಾಲ್ಕು. ಉತ್ತರವನ್ನೇ ಕೊಡಲಿಲ್ಲ.

ಆಗ ಮುಳ್ಳಿನ ಮೀಟರಿನ ಕಡೆ ಕಣ್ಣು ಹೋಯಿತು. ಇಷ್ಟು ಹೊತ್ತಿಗೆ ಮುಕ್ಕಾಲು ಪಾಲು ಇರಬೇಕಾದ ಗಾಳಿ ಅರ್ಧಕ್ಕಿಂತ ಕೆಳಗಿತ್ತು. ಸಿಟ್ಟಿಗೆ ಜಾಸ್ತಿ ಉಸಿರಾಡುತ್ತಿದ್ದೇನೆ, ಕೊಯ್ಯುವ ಕೆಲಸ ಬೇರೆ, ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಳ ಹೆಚ್ಚಿದಷ್ಟೂ ಗಾಳಿ ಬೇಗ ಮುಗಿಯುತ್ತದೆಂದು ಹೊಸಬರಿಗೆಲ್ಲ ಪಾಠ ಮಾಡುವವನು ನಾನು. ಆ ಪಾಠ ನನಗೇ ಹೊಳೆಯಲಿಲ್ಲ.

ಮುಂದಿನ ಸಲ ಹಗ್ಗ ಸನ್ನೆ ಮಾಡಲಿಲ್ಲ. ಸೊಂಟ ಹಿಡಿದು ಎತ್ತಿತು. ಒಂದು ಮೊಳ ಎತ್ತಿತು, ನಿಂತಿತು. ಮತ್ತೊಂದು ಮೊಳ ಎತ್ತಿತು, ನಿಂತಿತು. ಚಾಕು ಕೈ ಜಾರಿ ಕತ್ತಲೆಗೆ ಬಿತ್ತು. ಬಾಯಲ್ಲಿ ರಬ್ಬರು ಕಚ್ಚಿಕೊಂಡೇ ಅವನಿಗೆ ಆಡಬಾರದ ಬೈಗುಳವನ್ನೆಲ್ಲ ಬೈದೆ. ಇನ್ನೂರರಿಂದ ಶುರುವಾಗಿದ್ದ ಗಾಳಿಯ ಮುಳ್ಳು ಐವತ್ತಕ್ಕೆ ಬಂದಿತ್ತು, ಹೇಗೂ ಹೋಗಲೇಬೇಕು. ಕಲ್ಲಿನ ಹಗ್ಗ ಹಿಡಿದು ಮೇಲೇರಿದೆ. ನಿಲ್ಲಬೇಕೆಂದು ಕಂಪ್ಯೂಟರು ಹೇಳಿರಲಿಲ್ಲ. ನೆಟ್ಟಗೆ ಮೇಲೆ ಹೋಗಿ ಮಾಬುಸಾಬನ ಕುತ್ತಿಗೆ ಹಿಡಿಯುವುದೊಂದೇ ಯೋಚನೆ.

ನೀರು ಕಪ್ಪಿನಿಂದ ಕಂದು ಬಣ್ಣಕ್ಕೆ ತಿರುಗಿತು. ಏರುತ್ತಿದ್ದ ಕೈಗೆ ಏನೋ ತಣ್ಣನೆಯ ಕಬ್ಬಿಣ ಬಡಿಯಿತು. ಒಂದು ಸಿಲಿಂಡರು, ಉಸಿರಿನ ಕೊಳವೆ ಸಮೇತ, ಕಲ್ಲಿನ ಹಗ್ಗಕ್ಕೆ ಜೋತುಬಿದ್ದಿತ್ತು. ಅದರ ಕುತ್ತಿಗೆಗೆ ನಾವು ನೀರಿನಲ್ಲಿ ಬರೆಯಲು ಬಳಸುವ ಪ್ಲಾಸ್ಟಿಕ್ ಹಲಗೆ ಕಟ್ಟಿತ್ತು. ಗಾಜಿಗೊತ್ತಿ ನೋಡಿದೆ. ಮಕ್ಕಳ ಅಕ್ಷರದಂಥ ಎರಡು ಅಂಕಿ: 15. ಅದೇ ಗಳಿಗೆಗೆ ಸೊಂಟದ ಹಗ್ಗ ಎರಡು ಸಲ ಎಳೆಯಿತು. ಅಲ್ಲೇ ನಿಲ್ಲು.

ಹದಿನೈದು ಗಂಟು. ತೊಂಬತ್ತು ಅಡಿ. ಇಪ್ಪತ್ತೇಳು ಮೀಟರು.

ಕನ್ಸೋಲನ್ನು ಮುಖಕ್ಕೆ ತಂದೆ. ನೀರಿನ ಮೇಲಿನ ಬೆಳಕು ತಲೆಯ ಮೇಲೇ ಅಲುಗುತ್ತಿತ್ತು, ದೋಣಿಯ ಅಡಿ ಕಾಣುತ್ತಿತ್ತು; ಕಂಪ್ಯೂಟರು ಮಾತ್ರ ‘ಹನ್ನೊಂದು ಮೀಟರು’ ಎಂದು ಶಾಂತವಾಗಿ ದೀಪ ಉರಿಸಿಕೊಂಡು ಕೂತಿತ್ತು. ನನಗೆ ತಿಪ್ಪಣ್ಣನ ಬೀಡಿ ನೆನಪಾಯಿತು. ಇನ್ನೆರಡು ಮಾರು ಏರಿದ್ದರೆ ನಾನೂ ಅದೇ ದೋಣಿಯಲ್ಲಿ ಬೀಡಿ ಹಚ್ಚುತ್ತಿದ್ದೆ. ಕಲ್ಲಿನ ಹಗ್ಗವನ್ನು ಎರಡೂ ತೋಳಿನಲ್ಲಿ ತಬ್ಬಿಕೊಂಡೆ.

ಎಷ್ಟು ಹೊತ್ತು ನಿಲ್ಲಬೇಕೆಂದು ನನಗೆ ಗೊತ್ತಿರಲಿಲ್ಲ. ಲೆಕ್ಕವೆಲ್ಲ ಮೇಲಿತ್ತು, ಅಂಕಿ ಮಾತ್ರ ಬಲ್ಲ ಒಬ್ಬನ ಕೈಯಲ್ಲಿ, ಅಲಾರಂ ಗಡಿಯಾರದಲ್ಲಿ. ಬೆನ್ನಿನ ಗಾಳಿ ಮುಗಿಯಿತು. ಉಸಿರು ಹಿಡಿದು ಜೋತುಬಿದ್ದ ಸಿಲಿಂಡರಿನ ಕೊಳವೆಗೆ ಬಾಯಿ ಬದಲಿಸಿದೆ. ಆಗಾಗ ಹಗ್ಗ ಒಮ್ಮೆ ಎಳೆಯುತ್ತಿತ್ತು: ಹೆಂಗಿದ್ದಿ. ನಾನು ಒಮ್ಮೆ ಎಳೆಯುತ್ತಿದ್ದೆ. ಪ್ರತಿ ಸಲವೂ ನಾನು ಬರೆದ ಕಾಗದದ ಸಾಲು ಕಣ್ಣ ಮುಂದೆ ಬರುತ್ತಿತ್ತು. ನೀರಿನೊಳಗೆ ಅತ್ತರೆ ಯಾರಿಗೂ ಗೊತ್ತಾಗುವುದಿಲ್ಲ, ಮುಖದ ಗಾಜು ಮಾತ್ರ ಮಂಜಾಗುತ್ತದೆ. ಕೊನೆಗೆ ನಾಲ್ಕು ಸಲ ಎಳೆಯಿತು.

ದೋಣಿಯಲ್ಲಿ ಮಾಬುಸಾಬ ನನ್ನನ್ನು ಅಂಗಾತ ಮಲಗಿಸಿ ಕಾಲು ಜಿಗುಟಿದ. “ತಿಳೀತೈತಾ?”

“ತಿಳೀತೈತಿ.”

“ಇದು?”

“ಅದೂ ತಿಳೀತೈತಿ ಮಾರಾಯ, ಉಗುರು ತೆಗಿ.”

ಎಡ ಭುಜ ಮಾತ್ರ ನಾಲ್ಕು ದಿನ ಎತ್ತಲಾಗದಷ್ಟು ನೋಯಿತು; ಈಗಲೂ ಚಳಿಗಾಲದಲ್ಲಿ ನೆನಪಿಸುತ್ತದೆ. ಅವನು ಕನ್ಸೋಲು ಎತ್ತಿಕೊಂಡು ರಬ್ಬರು ಬಿಡಿಸಿ ಹಿಂದೆ ತಿರುಗಿಸಿದ. ತಣ್ಣೀರಿಗೆ ಕಲ್ಲಾಗಿದ್ದ ಮೇಣ, ಅದರ ಮೇಲೆ ಒಂಚೂರೂ ಮಾಸದ ಕುಂಕುಮ. ನೀರಿನ ಒತ್ತಡ ಆ ಮೂರು ತೂತುಗಳ ಮೂಲಕ ಒಳಗೆ ತಾಕಿದರೇನೇ ಕಂಪ್ಯೂಟರಿಗೆ ಆಳ ತಿಳಿಯುವುದು. ನಾನೇ ಅದರ ಬಾಯಿ ಮುಚ್ಚಿದ್ದೆ. ಮಾಬುಸಾಬ ಬೆಂಕಿಕಡ್ಡಿಯ ತುದಿ ಚೂಪು ಮಾಡಿ ತೂತು ತೂತಾಗಿ ಕೆದಕಿ ತೆಗೆದ.

“ಇದು ಗೌಡ್ರಿಗೆ ಹೇಳ್ಬ್ಯಾಡ,” ಎಂದ. “ನೀರಾಗ ಕೆಟ್ಟಿತು ಅಂದ್ರಾತು.”

ಒಂದು ಕ್ಷಣ ನನಗೂ ಹಾಗೇ ಮಾಡೋಣ ಎನಿಸಿತು. ಆದರೆ ಮಧ್ಯಾಹ್ನವೇ ಆಫೀಸಿಗೆ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಗೌಡರು ಪೆನ್ನಿನ ಮುಚ್ಚಳ ತೆಗೆದರು.

“ಪೂಜಿ ಮಾಡಿದ್ದಕ್ಕ ಮಷೀನು ಕೆಟ್ಟಿತು ಅಂತ ಬರ್ಕೊಳ್ಲೇನೋ?”

“ನಾನು ಕೆಟ್ಟೆ ಅಂತ ಬರ್ಕೊಳ್ರಿ. ಆ ಕಾಗದ ನನಗ ವಾಪಸ್ ಕೊಡ್ರಿ. ಮಾಬುಸಾಬನ್ನ ಕಳ್ಸೋದಾದ್ರ ಕುರೆಕುಪ್ಪಕ್ಕ ಇಬ್ರನ್ನೂ ಕಳಸ್ರಿ.”

ಅವರು ಫೈಲು ತೆಗೆದು ಕಾಗದವನ್ನು ಮೇಜಿನ ಮೇಲೆ ನನ್ನ ಕಡೆ ತಳ್ಳಿದರು. “ಹೋಗು. ಇನ್ನೊಂದ್ಸಲ ಆ ಡಬ್ಬಿಗೆ ಕುಂಕುಮ ಹಚ್ಚಿದ್ರ ನಿನ್ನನ್ನ ಗಿರಣ್ಯಾಗ ಮೂಟಿ ಹೊರಸ್ತೀನಿ,” ಎಂದರು. ಗೌಡರಿಂದ ನಾನು ಕೇಳಿದ ಅತಿ ಮೆತ್ತನೆಯ ಮಾತು ಅದೇ.

ಶೆಡ್ಡಿಗೆ ಬಂದಾಗ ಮಾಬುಸಾಬ ಹಗ್ಗವನ್ನು ಬಿಸಿಲಿಗೆ ಹರವಿ, ಸಡಿಲಾದ ಗಂಟುಗಳನ್ನು ಬಿಗಿಯುತ್ತಿದ್ದ. ಕಾಗದವನ್ನು ಅವನ ಮುಂದೆ ಹಿಡಿದೆ. ಅವನಿಗೆ ಓದಲು ಬಾರದೆಂದು ನೆನಪಾಗಿ, ಓದಿ ಹೇಳಲು ಬಾಯಿ ತೆರೆದೆ.

“ಓದಬ್ಯಾಡ, ಬಿಡು,” ಎಂದ. “ಗೌಡ್ರು ಹಬ್ಬದ ಮರುದಿನಾನ ಕರದು ಓದಿ ಹೇಳ್ಯಾರ.”

“ಹಬ್ಬದ ಮರುದಿನ? ಅಂದ್ರ ಇವತ್ತು ನಾನು ಇಳಿಯೋ ಮುಂಚೇನ ನಿನಗ ಗೊತ್ತಿತ್ತು?”

“ಹ್ಞೂಂ.”

“ಗೊತ್ತಿದ್ದೂ ಎಣಿಸ್ದಿ?”

ಅವನು ಗಂಟು ಬಿಗಿಯುವುದನ್ನು ನಿಲ್ಲಿಸಲಿಲ್ಲ. ತಲೆಯನ್ನೂ ಎತ್ತಲಿಲ್ಲ.

“ಮತ್ತೇನು ಮಾಡ್ಲಿ ಸ್ವಾಮಿ? ಹಗ್ಗದ ಆ ತುದಿಗೆ ನೀನಿದ್ದಿ.”